ಸಹಿಗಿಂತ ಮೊದಲು ಅಂಚು ನೋಡಿ: ಮ್ಯಾಕ್ಸ್‌ಫೀಲ್ಡ್ ಪ್ಯಾರಿಶ್ ಪ್ರಿಂಟುಗಳಲ್ಲಿ ಯಾವುದನ್ನು ಕೊಳ್ಳಬೇಕು?

ನ್ಯೂಜೆರ್ಸಿಯ ಒಂದು ಹಳೇ ಸಾಮಾನಿನ ಸಂತೆಯಲ್ಲಿ ನಾನು ಮೊದಲ ಪ್ಯಾರಿಶ್ ಪ್ರಿಂಟ್ ಕೊಂಡೆ, ಅಂದರೆ ಅಮೆರಿಕದ ಚಿತ್ರಕಾರ ಪ್ಯಾರಿಶ್ ಬರೆದ ಚಿತ್ರದ ಅಚ್ಚುಪ್ರತಿ. ಅದರ ಚೌಕಟ್ಟಿಗೆ ಒಂದು ಚೀಟಿ ಸಿಕ್ಕಿಸಿದ್ದರು. ‘ವಿಂಟೇಜ್, ಸೈನ್ಡ್’ ಅಂತ ಬರೆದಿತ್ತು. ಎರಡು ಮೇಜಿನ ಆಚೆ ಅದೇ ಚಿತ್ರ, ಅದೇ ಅಳತೆಯದು, ಅರ್ಧಕ್ಕಿಂತ ಕಡಿಮೆ ಬೆಲೆಗೆ ಇತ್ತು. ಸಹಿ ಇದೆಯಲ್ಲ ಅಂತ ಜಾಸ್ತಿ ದುಡ್ಡು ಕೊಟ್ಟು ಮೊದಲನೆಯದನ್ನೇ ತಂದೆ. ರಾತ್ರಿ ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ಚಿತ್ರದ ಆಕಾಶ ಹೇಗೆ ಸಣ್ಣ ಸಣ್ಣ ಚುಕ್ಕಿಗಳಿಂದ ಆಗಿತ್ತೋ, ಆ ಸಹಿಯೂ ಹಾಗೇ ಚುಕ್ಕಿಗಳಿಂದ ಆಗಿತ್ತು. ಅದು ಯಾರೂ ಕೈಯಿಂದ ಹಾಕಿದ ಸಹಿ ಅಲ್ಲ. ಚಿತ್ರದ ಜೊತೆಗೇ ಅಚ್ಚಾದ ಹೆಸರು. ಆ ಇನ್ನೊಂದು ಪ್ರಿಂಟಿನಲ್ಲೂ ಅದೇ ಹೆಸರು ಅದೇ ಜಾಗದಲ್ಲಿ ಇದ್ದಿರಲೇಬೇಕು.

ಅಂದಿನಿಂದ ಇಂದಿನವರೆಗೆ ಹತ್ತಾರು ಪ್ರಿಂಟುಗಳನ್ನು ತಿರುಗಿಸಿ ನೋಡಿದ್ದೇನೆ, ಕೆಲವನ್ನು ಕೊಂಡಿದ್ದೇನೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಪ್ಯಾರಿಶ್ ವಿಷಯದಲ್ಲಿ ಸಹಿಯ ಬೆನ್ನು ಹತ್ತಬೇಡಿ. ಯಾವ ಕಾಲದ ಅಚ್ಚು, ಯಾವ ಅಳತೆ, ಬಣ್ಣ ಎಷ್ಟು ಉಳಿದಿದೆ, ಅಂಚು ಕತ್ತರಿಸಿದ್ದಾರಾ ಅನ್ನೋದನ್ನು ನೋಡಿ ಕೊಳ್ಳಿ. ಸಹಿ ಬೇಕೇ ಬೇಕು ಅನ್ನುವವರಿಗೆ ಬೇರೆ ದಾರಿ ಇದೆ. ಅದನ್ನೂ ಮುಂದೆ ಹೇಳುತ್ತೇನೆ.

ಮೊದಲು ಈ ಮನುಷ್ಯ ಯಾರು ಅಂತ ಸ್ವಲ್ಪ ನೋಡೋಣ. ಮ್ಯಾಕ್ಸ್‌ಫೀಲ್ಡ್ ಪ್ಯಾರಿಶ್ 1870ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. ಅಪ್ಪ ಸ್ಟೀಫನ್ ಪ್ಯಾರಿಶ್ ಕೂಡ ಚಿತ್ರಕಾರ, ಎಚಿಂಗ್ (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚು ತೆಗೆಯುವುದು) ಕೆಲಸದಲ್ಲಿ ಹೆಸರು ಮಾಡಿದವರು. 1890ರ ದಶಕದಲ್ಲಿ ಮಗ ಪತ್ರಿಕೆಗಳ ಮುಖಪುಟಗಳಿಗೆ ಚಿತ್ರ ಬರೆಯಲು ಶುರು ಮಾಡಿದರು. ಹಾರ್ಪರ್ಸ್, ಸೆಂಚುರಿ, ಸ್ಕ್ರಿಬ್ನರ್ಸ್, ಲೇಡೀಸ್ ಹೋಮ್ ಜರ್ನಲ್ ಎಲ್ಲದರಲ್ಲೂ ಅವರ ಕೆಲಸ ಇದೆ. 1904ರಲ್ಲಿ ಕೋಲಿಯರ್ಸ್ ವಾರಪತ್ರಿಕೆ ಅವರ ಜೊತೆ ಆರು ವರ್ಷದ ಒಪ್ಪಂದ ಮಾಡಿಕೊಂಡಿತು. ಅದಕ್ಕೂ ಮೊದಲು ಕ್ಷಯ ರೋಗ ಬಂದು ನ್ಯೂಯಾರ್ಕ್ ರಾಜ್ಯದ ಸಾರನಾಕ್ ಲೇಕ್‌ನಲ್ಲಿ ಚಿಕಿತ್ಸೆಯಲ್ಲಿದ್ದಾಗ ಅಲ್ಲಿನ ಚಳಿಗೆ ಶಾಯಿಯೇ ಹೆಪ್ಪುಗಟ್ಟುತ್ತಿತ್ತಂತೆ. ಆಗ ಎಣ್ಣೆ ಬಣ್ಣಕ್ಕೆ ಕೈ ಹಾಕಿದರು. ನಮಗೆಲ್ಲ ಇಷ್ಟವಾಗುವ ಆ ನೀಲಿಯ ಹಿಂದೆ ಈ ಕಾಯಿಲೆಯ ಚಳಿಗಾಲ ಇದೆ.

ಆ ನೀಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಯಾಕೆಂದರೆ ಪ್ರಿಂಟ್ ಒರೆಗೆ ಹಚ್ಚುವಾಗ ಅದೇ ಉಪಯೋಗಕ್ಕೆ ಬರುತ್ತದೆ. ಪ್ಯಾರಿಶ್ ಬಣ್ಣಗಳನ್ನು ತಟ್ಟೆಯಲ್ಲಿ ಕಲಸುತ್ತಿರಲಿಲ್ಲ. ಬಿಳಿ ಹಲಗೆಯ ಮೇಲೆ ಒಂದೊಂದೇ ಶುದ್ಧ ಬಣ್ಣವನ್ನು ಗಾಜಿನ ಹಾಗೆ ತೆಳ್ಳಗೆ ಬಳಿಯುತ್ತಿದ್ದರು. ಅದು ಒಣಗಿದ ಮೇಲೆ ವಾರ್ನಿಷ್, ಅದರ ಮೇಲೆ ಇನ್ನೊಂದು ಬಣ್ಣ. ಬೆಳಕು ಈ ಪದರಗಳನ್ನೆಲ್ಲ ದಾಟಿ ಬಿಳಿ ತಳಕ್ಕೆ ಬಡಿದು ವಾಪಸ್ ಬರುತ್ತದೆ. ಅದಕ್ಕೇ ಆ ಆಕಾಶ ಒಳಗಿನಿಂದ ಬೆಳಗಿದ ಹಾಗೆ ಕಾಣುತ್ತದೆ. ಬಣ್ಣದ ಅಚ್ಚಿನ ಕೆಲಸವೂ ಹೆಚ್ಚುಕಡಿಮೆ ಇದೇ ಅಲ್ವಾ? ಬಿಳಿ ಕಾಗದ, ಅದರ ಮೇಲೆ ಹಳದಿ, ಕೆಂಪು, ನೀಲಿ ಒಂದರ ಮೇಲೊಂದು. ಹಾಗಾಗಿ ಪ್ಯಾರಿಶ್ ಚಿತ್ರಗಳು ಅಚ್ಚಿಗೆ ಹೇಳಿ ಮಾಡಿಸಿದ ಹಾಗಿದ್ದವು. ಬೇರೆಯವರ ಚಿತ್ರ ಅಚ್ಚಾದಾಗ ಮಂಕಾಗುತ್ತಿತ್ತು, ಇವರದು ಜೀವಂತವಾಗಿ ಉಳಿಯುತ್ತಿತ್ತು.

ಈಗ ನಿಮ್ಮ ಮುಂದಿರುವ ಆಯ್ಕೆಗಳು.

ಹೌಸ್ ಆಫ್ ಆರ್ಟ್ ಪ್ರಿಂಟುಗಳು

ಪ್ಯಾರಿಶ್ ಅಂದರೆ ಜನ ಮೊದಲು ನೆನೆಸುವುದು ಇವನ್ನೇ. 1918ರಲ್ಲಿ ಕ್ಲೀವ್‌ಲ್ಯಾಂಡಿನ ಕ್ರೇನ್ಸ್ ಚಾಕಲೇಟ್ ಕಂಪನಿಯ ಉಡುಗೊರೆ ಡಬ್ಬಿಗಾಗಿ ಪ್ಯಾರಿಶ್ ‘ಗಾರ್ಡನ್ ಆಫ್ ಅಲ್ಲಾ’ ಬರೆದರು. ಕೊಳದ ಪಕ್ಕ ಕೂತ ಮೂವರು ಹುಡುಗಿಯರು, ಹಿಂದೆ ಚಿನ್ನದ ಬೆಳಕು. ಡಬ್ಬಿ ತೆಗೆದ ಜನ ಚಾಕಲೇಟಿನಷ್ಟೇ ಚಿತ್ರವನ್ನೂ ಇಷ್ಟಪಟ್ಟರು, ಗೋಡೆಗೆ ಹಾಕಲು ಬೇಕು ಅಂದರು. ಗೋಡೆಗೆಂದೇ ಬೇರೆಯಾಗಿ ಅಚ್ಚು ಹಾಕಿಸಿ ಮಾರಿದಾಗ ಅದು ಬಿಸಿ ಬಿಸಿ ದೋಸೆಯ ಹಾಗೆ ಖರ್ಚಾಯಿತು. ನ್ಯೂಯಾರ್ಕಿನ ಹೌಸ್ ಆಫ್ ಆರ್ಟ್ ಸಂಸ್ಥೆಗೆ ಇದರಲ್ಲಿ ದೊಡ್ಡ ವ್ಯಾಪಾರ ಕಂಡಿತು. ಡಬ್ಬಿಗೂ ಅಲ್ಲ, ಪತ್ರಿಕೆಗೂ ಅಲ್ಲ, ಪ್ರಿಂಟಾಗಿ ಮಾರಲೆಂದೇ ಒಂದು ಚಿತ್ರ ಬರೆದುಕೊಡಿ ಅಂತ ಕೇಳಿದರು. 1922ರಲ್ಲಿ ಪ್ಯಾರಿಶ್ ‘ಡೇಬ್ರೇಕ್’ ಮುಗಿಸಿದರು. ಎರಡು ಕಡೆ ಕಂಬಗಳು, ನೆಲದ ಮೇಲೆ ಮಲಗಿದ ಒಬ್ಬಳು, ಅವಳತ್ತ ಬಾಗಿದ ಇನ್ನೊಬ್ಬ ಪುಟ್ಟ ಹುಡುಗಿ, ಆಚೆ ಸರೋವರ, ಬೆಟ್ಟ, ಬೆಳಗಿನ ಬೆಳಕು. ಬಾಗಿ ನಿಂತವಳಿಗೆ ಮಾದರಿಯಾಗಿದ್ದು ಪ್ಯಾರಿಶ್ ಅವರ ಸ್ವಂತ ಮಗಳು ಜೀನ್. ಆ ಕಾಲದ ಅಮೆರಿಕದಲ್ಲಿ ನಾಲ್ಕು ಮನೆಗೊಂದರಲ್ಲಿ ಈ ಚಿತ್ರ ಇತ್ತು ಎನ್ನುವ ಮಾತಿದೆ. ಲೆಕ್ಕ ಏನೇ ಇರಲಿ, ನಮ್ಮ ಅಜ್ಜಿಯ ಮನೆಯ ನಡುಮನೆಯಲ್ಲಿ ರವಿವರ್ಮನ ಲಕ್ಷ್ಮಿ ಹೇಗಿದ್ದಳೋ ಹಾಗೆ ಅಲ್ಲಿನ ಮನೆಗಳಲ್ಲಿ ‘ಡೇಬ್ರೇಕ್’ ಇತ್ತು.

ಅಷ್ಟು ಅಚ್ಚಾದ ಕಾರಣ ಇವತ್ತಿಗೂ ಹಳೆಯ ‘ಡೇಬ್ರೇಕ್’ ಸಿಗುವುದು ಕಷ್ಟವಲ್ಲ. ಮೂರು ಅಳತೆಯಲ್ಲಿ ಬಂದಿತ್ತು: 18 ಇಂಚು ಎತ್ತರ 30 ಇಂಚು ಅಗಲ, 10 ಮತ್ತು 18, 6 ಮತ್ತು 10. ‘ಗಾರ್ಡನ್ ಆಫ್ ಅಲ್ಲಾ’ ದೊಡ್ಡದು 15 ಮತ್ತು 30, ನಡುವಿನದು 9 ಮತ್ತು 18. ಈ ಅಂಕಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಅಳೆಯುವ ಟೇಪು ಜೇಬಿನಲ್ಲಿ ಇರಲಿ. ಅಳತೆ ಇದಕ್ಕೆ ಹೊಂದದಿದ್ದರೆ ಒಂದೋ ಅಂಚು ಕತ್ತರಿಸಿದ್ದಾರೆ, ಇಲ್ಲವೇ ಆಮೇಲಿನ ಮರುಮುದ್ರಣ. 24 ಮತ್ತು 36 ಇಂಚಿನದು ಕಂಡರೆ ಅದು ಈಚಿನ ಪೋಸ್ಟರ್. ಬೆಲೆ ಕೇಳುವುದೂ ಬೇಡ.

ಈ ಎರಡರಲ್ಲಿ ಯಾವುದು? ಒಂದೇ ಪ್ರಿಂಟ್ ಸಾಕು ಅನ್ನುವವರಿಗೆ ನಾನು ‘ಡೇಬ್ರೇಕ್’ ನಡುವಿನ ಅಳತೆಯದನ್ನು ಹೇಳುತ್ತೇನೆ. ದೊಡ್ಡದು ಚಂದ, ಆದರೆ ದೊಡ್ಡ ಪ್ರಿಂಟುಗಳು ಸೋಫಾದ ಮೇಲೆ, ಬೆಂಕಿಗೂಡಿನ ಮೇಲೆ, ಕಿಟಕಿಯ ಎದುರು ಹೀಗೆ ಮನೆಯ ಮುಖ್ಯ ಗೋಡೆಯಲ್ಲೇ ಇದ್ದವು. ನೂರು ವರ್ಷ ಬಿಸಿಲು, ಹೊಗೆ ಕುಡಿದಿವೆ. ನಡುವಿನವು ಮಲಗುವ ಕೋಣೆಯಲ್ಲಿ, ಓಣಿಯಂಥ ಜಾಗದಲ್ಲಿ ಇದ್ದವು. ನಾನು ನೋಡಿದ ಮಟ್ಟಿಗೆ ಬಣ್ಣ ಚೆನ್ನಾಗಿ ಉಳಿದಿರುವುದು ಅವುಗಳಲ್ಲೇ. ‘ಗಾರ್ಡನ್ ಆಫ್ ಅಲ್ಲಾ’ದಲ್ಲಿ ಹಳದಿ, ಕೇಸರಿ ಜಾಸ್ತಿ. ಆ ಬಣ್ಣಗಳೇ ಮೊದಲು ಹೋಗುವುದು. ಹಾಗಾಗಿ ಅದರಲ್ಲಿ ಒಳ್ಳೆಯ ಸ್ಥಿತಿಯದನ್ನು ಹುಡುಕಲು ತಾಳ್ಮೆ ಬೇಕು.

ಹೆಚ್ಚು ನೀಲಿ ಇದ್ದರೆ ಹುಷಾರು

ಇದನ್ನು ಬೇರೆಯಾಗಿ ಹೇಳುತ್ತೇನೆ. ಹೊಸಬರು ಜಾಸ್ತಿ ಮೋಸ ಹೋಗುವುದು ಇಲ್ಲೇ. ಪ್ಯಾರಿಶ್ ಅಂದರೆ ನೀಲಿ ಎಂದು ಕೇಳಿರುತ್ತೀರಿ. ಎರಡು ‘ಡೇಬ್ರೇಕ್’ ಪಕ್ಕ ಪಕ್ಕ ಇಟ್ಟರೆ ಹೆಚ್ಚು ನೀಲಿ ಇರುವುದನ್ನು ಕೈ ತಾನಾಗಿ ಎತ್ತಿಕೊಳ್ಳುತ್ತದೆ. ಆದರೆ ಹಳೆಯ ಅಚ್ಚಿನ ಶಾಯಿಯಲ್ಲಿ ಹಳದಿ, ಕೆಂಪು ಬಿಸಿಲಿಗೆ ಬೇಗ ಮಾಸುತ್ತವೆ. ನೀಲಿ ಗಟ್ಟಿಯಾಗಿ ಉಳಿಯುತ್ತದೆ. ಅಂದರೆ ತೀರಾ ನೀಲಿಯಾಗಿ ಕಾಣುವ ಪ್ರಿಂಟ್ ಒಳ್ಳೆಯದಲ್ಲ, ಅರ್ಧ ಬಣ್ಣ ಕಳೆದುಕೊಂಡದ್ದು. ಹುಡುಗಿಯರ ಮೈಬಣ್ಣ ನೋಡಿ. ಕೆನ್ನೆ, ಮೊಣಕಾಲಿನಲ್ಲಿ ಹದವಾದ ಕೆಂಪು ಇದ್ದರೆ ಸರಿ. ಬೂದು ಅಥವಾ ಪಾಚಿ ಬಣ್ಣಕ್ಕೆ ತಿರುಗಿದ್ದರೆ ಮಾಸಿದೆ. ಬೆಟ್ಟದ ನೆತ್ತಿಯಲ್ಲಿ ಗುಲಾಬಿ, ಕಂಬದ ಮೇಲೆ ಬೆಚ್ಚನೆಯ ಬಿಸಿಲಿನ ಬಣ್ಣ ಇರಬೇಕು.

ಸಾಧ್ಯವಾದರೆ ಕಟ್ಟು ಬಿಚ್ಚಿಸಿ. ಕಟ್ಟಿನ ತುಟಿಯ ಕೆಳಗೆ ಬೆಳಕು ತಾಕದ ಒಂದು ಸಣ್ಣ ಪಟ್ಟಿ ಇರುತ್ತದೆ. ಅಲ್ಲಿಯ ಬಣ್ಣಕ್ಕೂ ಒಳಗಿನ ಬಣ್ಣಕ್ಕೂ ಇರುವ ವ್ಯತ್ಯಾಸವೇ ಆ ಪ್ರಿಂಟಿನ ಆಯಸ್ಸಿನ ಕಥೆ. ವ್ಯಾಪಾರಿ ಬಿಚ್ಚಲು ಒಪ್ಪದಿದ್ದರೆ ನಾನು ಹೆಚ್ಚು ದುಡ್ಡಿನದನ್ನು ಕೊಳ್ಳುವುದೇ ಇಲ್ಲ. ಬಿಚ್ಚಿದಾಗ ಕೆಳಗಿನ ಬಿಳಿ ಅಂಚನ್ನೂ ನೋಡಿ. ಚಿತ್ರದ ಹೆಸರು, ಪ್ಯಾರಿಶ್ ಹೆಸರು, ಹೌಸ್ ಆಫ್ ಆರ್ಟ್ ಎಂಬ ಸಾಲು ಅಲ್ಲಿ ಇದ್ದರೆ ಅದು ಸಹಿಗಿಂತ ದೊಡ್ಡ ಸಾಕ್ಷಿ. ಹಿಂದಿನವರು ಕಟ್ಟಿನ ಅಳತೆಗೆ ಸರಿಹೋಗಲಿ ಅಂತ ಈ ಅಂಚನ್ನು ಕತ್ತರಿಸಿ ಬಿಸಾಡಿದ್ದು ತುಂಬಾ. ಅಂಚು ಉಳಿದಿರುವುದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಎಡಿಸನ್ ಮಾಜ್ದಾ ಕ್ಯಾಲೆಂಡರುಗಳು

ನನ್ನ ಮನಸ್ಸು ಇರುವುದು ಇಲ್ಲಿ. ಜನರಲ್ ಎಲೆಕ್ಟ್ರಿಕ್ ಕಂಪನಿ ತನ್ನ ಬಲ್ಬುಗಳಿಗೆ ‘ಮಾಜ್ದಾ’ ಎಂದು ಹೆಸರಿಟ್ಟಿತ್ತು. ಪಾರ್ಸಿಗಳ ಅಹುರ ಮಾಜ್ದಾ, ಬೆಳಕಿನ ದೇವರು, ಅವನ ಹೆಸರು. 1918ರಿಂದ 1934ರವರೆಗೆ ವರ್ಷಕ್ಕೊಂದರಂತೆ ಪ್ಯಾರಿಶ್ ಈ ಬಲ್ಬಿನ ಕ್ಯಾಲೆಂಡರಿಗೆ ಚಿತ್ರ ಬರೆದರು. ಒಟ್ಟು 17. ಶುರುವಿನ ವರ್ಷಗಳಲ್ಲಿ ಬೆಳಕಿನ ಚರಿತ್ರೆಯೇ ವಿಷಯ: 1920ರಲ್ಲಿ ಬೆಂಕಿ ತಂದ ‘ಪ್ರೊಮೀಥಿಯಸ್’, 1921ರಲ್ಲಿ ‘ಪ್ರಿಮಿಟಿವ್ ಮ್ಯಾನ್’, 1922ರಲ್ಲಿ ‘ಈಜಿಪ್ಟ್’, 1923ರಲ್ಲಿ ‘ಲ್ಯಾಂಪ್ ಸೆಲ್ಲರ್ ಆಫ್ ಬಾಗ್ದಾದ್’, 1924ರಲ್ಲಿ ‘ವೆನೀಷಿಯನ್ ಲ್ಯಾಂಪ್‌ಲೈಟರ್ಸ್’. ಆಮೇಲೆ ನಿಧಾನವಾಗಿ ಬಂಡೆಯ ಮೇಲೆ ಕೂತ ಹುಡುಗಿಯರು ಬಂದರು: 1928ರ ‘ಕಂಟೆಂಟ್‌ಮೆಂಟ್’, 1930ರ ‘ಎಕ್ಸ್‌ಟಸಿ’. ದೀಪ ಮಾರುವ ಕಂಪನಿಗೆ ದೀಪದ ಚಿತ್ರ ಬರೆಯಬೇಕಾಗಿ ಬಂದಾಗ ಒಬ್ಬ ಕಲಾವಿದ ಬೆಳಕನ್ನೇ ಬರೆದ. ಅದು ನನಗೆ ಇಂದಿಗೂ ಬೆರಗು.

ಇವು ದೊಡ್ಡ, ಚಿಕ್ಕ ಎರಡು ಅಳತೆಯಲ್ಲಿ ಬಂದವು. ಕೆಳಗೆ ತಿಂಗಳ ಹಾಳೆಗಳ ಕಟ್ಟು, ಮಾಜ್ದಾ ಬಲ್ಬಿನ ಜಾಹೀರಾತು. ವರ್ಷ ಮುಗಿದ ಮೇಲೆ ಜನ ಏನು ಮಾಡುತ್ತಾರೆ? ನಾವೂ ಅದನ್ನೇ ಮಾಡುತ್ತೇವೆ. ತಾರೀಕಿನ ಭಾಗ ಕತ್ತರಿಸಿ ಚಿತ್ರಕ್ಕೆ ಕಟ್ಟು ಹಾಕಿಸಿದರು. ಹಾಗಾಗಿ ತಿಂಗಳ ಹಾಳೆಗಳ ಸಮೇತ ಪೂರ್ತಿ ಉಳಿದ ಕ್ಯಾಲೆಂಡರ್ ಅಪರೂಪ, ಬೆಲೆಯೂ ಕತ್ತರಿಸಿದ್ದರ ಕೆಲವು ಪಟ್ಟು. ಜಾಹೀರಾತಿನ ಭಾಗ ಮಾತ್ರ ಉಳಿದು ಹಾಳೆಗಳು ಹೋಗಿರುವುದು ನಡುವಿನ ದರ್ಜೆ.

ಕತ್ತರಿಸಿದ್ದನ್ನು ಕೊಳ್ಳಬಾರದು ಎಂದು ಕೆಲವು ಸಂಗ್ರಾಹಕರು ಹಟ ಹಿಡಿಯುತ್ತಾರೆ. ನಾನು ಒಪ್ಪುವುದಿಲ್ಲ. ಗೋಡೆಗೆ ಹಾಕಿ ದಿನಾ ನೋಡುವ ಆಸೆ ಇದ್ದರೆ, ಬಣ್ಣ ಚೆನ್ನಾಗಿರುವ ಕತ್ತರಿಸಿದ ಮಾಜ್ದಾ ದೊಡ್ಡ ಅಳತೆಯದು ಸಿಕ್ಕರೆ ಬಿಡಬೇಡಿ. ಅಚ್ಚಿನ ಗುಣ ಅದರಲ್ಲಿ ಸೊಗಸಾಗಿದೆ. ವರ್ಷಕ್ಕೊಮ್ಮೆ ಎಸೆಯುವ ವಸ್ತು ಅಂತ ಕಂಪನಿ ಕೈ ಬಿಗಿ ಮಾಡಿರಲಿಲ್ಲ. ಆದರೆ ಮುಂದೆ ಮಾರುವ ಯೋಚನೆ ಇದ್ದರೆ ಪೂರ್ತಿ ಇರುವುದಕ್ಕೇ ಕಾಯಿರಿ. ಈ ಎರಡು ಉದ್ದೇಶಗಳನ್ನು ಬೆರೆಸಿದರೆ ಎರಡೂ ಕೆಡುತ್ತವೆ.

ಪತ್ರಿಕೆಯ ಮುಖಪುಟಗಳು, ಪುಸ್ತಕದ ಹಾಳೆಗಳು

ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರಿಗೆ ಇದು ಒಳ್ಳೆಯ ಬಾಗಿಲು. ಕೋಲಿಯರ್ಸ್, ಲೈಫ್, ಲೇಡೀಸ್ ಹೋಮ್ ಜರ್ನಲ್ ಮುಖಪುಟಗಳು ಪ್ರಿಂಟುಗಳಿಗಿಂತ ಅಗ್ಗ. ಪ್ಯಾರಿಶ್ ಅವರ ಇನ್ನೊಂದು ಮುಖವೂ ಇಲ್ಲಿ ಕಾಣುತ್ತದೆ. ಕನಸಿನ ಹುಡುಗಿಯರ ಬದಲು ತಮಾಷೆಯ ಮುದುಕರು, ಅಡುಗೆಯವರು, ಸಿಪಾಯಿಗಳು. ಅಕ್ಷರಗಳನ್ನೂ ಅವರೇ ಬರೆದಿರುತ್ತಾರೆ, ಬಲು ಚಂದ. ಮೂಲೆಯಲ್ಲಿ ಎಷ್ಟೋ ಸಲ ‘ಎಂ.ಪಿ.’ ಎಂಬ ಎರಡಕ್ಷರ ಇರುತ್ತದೆ. ಅದನ್ನು ತೋರಿಸಿ ‘ಸೈನ್ಡ್’ ಎಂದು ಮಾರುವವರೂ ಇದ್ದಾರೆ. ಅದೂ ಅಚ್ಚೇ.

ತೊಂದರೆ ಕಾಗದದ್ದು. ವಾರಪತ್ರಿಕೆಯ ಕಾಗದದಲ್ಲಿ ಆಮ್ಲ ಹೆಚ್ಚು. ನೂರು ವರ್ಷದಲ್ಲಿ ಹಪ್ಪಳದ ಹಾಗೆ ಆಗಿರುತ್ತದೆ, ಮಡಿಸಿದ ಕಡೆ ಮುರಿಯುತ್ತದೆ. ಸಾಧ್ಯವಾದರೆ ಇಡೀ ಸಂಚಿಕೆ ಕೊಳ್ಳಿ, ಕಿತ್ತ ಮುಖಪುಟ ಬೇಡ. ಸಂಚಿಕೆಯಲ್ಲಿ ತಾರೀಕು ಇರುತ್ತದೆ, ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪುಸ್ತಕದ ಹಾಳೆಗಳ ಬಗ್ಗೆ ನನಗೆ ಬೇಜಾರಿದೆ. 1925ರಲ್ಲಿ ಸ್ಕ್ರಿಬ್ನರ್ಸ್ ಹೊರತಂದ ‘ನೇವ್ ಆಫ್ ಹಾರ್ಟ್ಸ್’ ಪ್ಯಾರಿಶ್ ಚಿತ್ರ ಬರೆದ ಮಕ್ಕಳ ನಾಟಕದ ಪುಸ್ತಕ. ದೊಡ್ಡ ಅಳತೆ, ಪುಟ ತೆರೆದರೆ ಬಣ್ಣ ಉಕ್ಕುತ್ತದೆ. ಒಂದೊಂದು ಹಾಳೆ ಬೇರೆಯಾಗಿ ಮಾರಿದರೆ ಹೆಚ್ಚು ದುಡ್ಡು ಅಂತ ಎಷ್ಟೋ ಪ್ರತಿಗಳನ್ನು ಬಿಡಿಸಿ ಹಾಕಿದ್ದಾರೆ. ಆಗಲೇ ಬಿಡಿಯಾದ ಹಾಳೆ ಕೊಳ್ಳುವುದರಲ್ಲಿ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಇಡೀ ಪುಸ್ತಕ ಕೊಂಡು ಕತ್ತರಿ ಹಾಕಬೇಡಿ, ದಯವಿಟ್ಟು.

ಬ್ರೌನ್ ಅಂಡ್ ಬಿಗೆಲೋ ಕ್ಯಾಲೆಂಡರುಗಳು

1931ರಲ್ಲಿ ಪ್ಯಾರಿಶ್ ಬಂಡೆಯ ಮೇಲಿನ ಹುಡುಗಿಯರ ಸಹವಾಸ ಇನ್ನು ಸಾಕು ಎಂದು ಪತ್ರಿಕೆಯವರಿಗೆ ಹೇಳಿಬಿಟ್ಟರು. ಅದೇ ಚಿತ್ರ ಬರೆದುಕೊಂಡು ಇನ್ನೂ ಹತ್ತಾರು ವರ್ಷ ದುಡಿಯಬಹುದಿತ್ತು. ಬಿಟ್ಟರು. 1936ರಿಂದ 1963ರವರೆಗೆ ಮಿನೆಸೋಟಾದ ಸೇಂಟ್ ಪಾಲ್ ಊರಿನ ಬ್ರೌನ್ ಅಂಡ್ ಬಿಗೆಲೋ ಕ್ಯಾಲೆಂಡರುಗಳಿಗೆ ಅವರು ಕೊಟ್ಟಿದ್ದು ಬರೀ ಊರು, ಮರ, ಹಳ್ಳ, ಹಿಮ, ಹಳೆಯ ಹೊಲಮನೆ. ನ್ಯೂ ಹ್ಯಾಂಪ್‌ಶೈರಿನ ಪ್ಲೇನ್‌ಫೀಲ್ಡ್‌ನಲ್ಲಿ ‘ದಿ ಓಕ್ಸ್’ ಎಂಬ ಮನೆ ಕಟ್ಟಿಕೊಂಡು ಜೀವಮಾನವಿಡೀ ಅಲ್ಲೇ ಇದ್ದವರು ಅವರು. ದಿನಾ ಕಣ್ಣೆದುರು ಇದ್ದ ಮರಗಳನ್ನು ಬರೆದರು. ಮಾರುಕಟ್ಟೆಯಲ್ಲಿ ಇವಕ್ಕೆ ‘ಡೇಬ್ರೇಕ್’ ಕಾಲದ ಪ್ರಿಂಟುಗಳಷ್ಟು ಗಿರಾಕಿ ಇಲ್ಲ. ಹಾಗಾಗಿ ಅಗ್ಗ, ಬಣ್ಣವೂ ಸಾಮಾನ್ಯವಾಗಿ ಚೆನ್ನಾಗಿ ಉಳಿದಿರುತ್ತದೆ. ಸಂಜೆಯ ಬಿಸಿಲು ಒಂದು ದೊಡ್ಡ ಮರದ ನೆತ್ತಿಗೆ ಮಾತ್ರ ತಾಕಿ, ಕೆಳಗೆಲ್ಲ ನೆರಳು ಕವಿದಿರುವ ಆ ಚಿತ್ರಗಳನ್ನು ನೋಡಿದರೆ ನನಗೆ ತೀರ್ಥಹಳ್ಳಿ ಕಡೆಯ ಸಂಜೆ ನೆನಪಾಗುತ್ತದೆ. ಅಳತೆಗಳು ಹಲವು, ಅಂಚಿನಲ್ಲಿ ಬ್ರೌನ್ ಅಂಡ್ ಬಿಗೆಲೋ ಹೆಸರು ಇದೆಯಾ ನೋಡಿ ಸಾಕು.

ಕೈಯಿಂದ ಸಹಿ ಹಾಕಿದವು

ಈಗ ಸಹಿಯ ಮಾತು. ವ್ಯಾಪಾರಿಗಳು ಬಳಸುವ ಪದಗಳನ್ನು ಗಮನವಿಟ್ಟು ಓದಿ. ‘ಪ್ಲೇಟ್ ಸೈನ್ಡ್’, ‘ಸೈನ್ಡ್ ಇನ್ ದಿ ಪ್ರಿಂಟ್’ ಎಂದರೆ ಅಚ್ಚಿನ ಹೆಸರು, ಎಲ್ಲ ಪ್ರತಿಯಲ್ಲೂ ಇರುತ್ತದೆ, ಒಂದು ರೂಪಾಯಿಯೂ ಹೆಚ್ಚಿಗೆ ಕೊಡಬೇಡಿ. ‘ಹ್ಯಾಂಡ್ ಸೈನ್ಡ್’ ಎಂದರೆ ಮಾತ್ರ ಕೈಯಿಂದ ಹಾಕಿದ್ದು. ಬರೀ ‘ಸೈನ್ಡ್’ ಎಂದಿದ್ದರೆ ಕೇಳಿ, ಉತ್ತರವನ್ನು ರಸೀತಿಯಲ್ಲಿ ಬರೆಸಿಕೊಳ್ಳಿ.

ಹೌಸ್ ಆಫ್ ಆರ್ಟ್ ಪ್ರಿಂಟುಗಳು ಸಂಖ್ಯೆ ಹಾಕಿ, ಪೆನ್ಸಿಲ್‌ನಲ್ಲಿ ಸಹಿ ಮಾಡಿ ಮಾರಿದವಲ್ಲ. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಸರಕು. ಆದ್ದರಿಂದ ‘ಡೇಬ್ರೇಕ್’ ಕೆಳಗೆ ಪೆನ್ಸಿಲ್‌ನಲ್ಲಿ 12/250 ಎಂಬಂಥ ಅಂಕಿ ಕಂಡರೆ ಅದು ಪ್ಯಾರಿಶ್ ಕಾಲದ್ದಲ್ಲ. ಪರಿಚಯದವರಿಗೋ, ಮನೆಗೆ ಬಂದ ಅಭಿಮಾನಿಗೋ ಅವರು ಕೈಯಿಂದ ಸಹಿ ಹಾಕಿಕೊಟ್ಟ ಪ್ರಿಂಟುಗಳು ಇರಬಹುದು. ಆದರೆ ಅಂಥದ್ದು ಸಂತೆಯ ಮೇಜಿನ ಮೇಲೆ ಸಿಗುವುದು ಅಪರೂಪದಲ್ಲಿ ಅಪರೂಪ.

ಅಂಥದ್ದು ಎದುರಾದರೆ ಹೀಗೆ ನೋಡಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ತೆಗೆದುಕೊಳ್ಳಿ. ಅಚ್ಚಿನ ಭಾಗ ಚುಕ್ಕಿ ರಂಗೋಲಿಯ ಹಾಗೆ ಕಾಣುತ್ತದೆ. ಬಣ್ಣ ಬಣ್ಣದ ಚುಕ್ಕಿಗಳು ಸುತ್ತುಗಟ್ಟಿ ಸಣ್ಣ ಹೂವಿನಂತೆ ಇರುತ್ತವೆ. ನಿಜವಾದ ಸಹಿಯ ಗೆರೆ ಈ ಚುಕ್ಕಿಗಳ ಮೇಲೆ ಒಂದೇ ಸಮನೆ ಹರಿದಿರುತ್ತದೆ. ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಹಿಡಿದರೆ ಪೆನ್ಸಿಲ್ ಆದರೆ ಹೊಳಪು, ನಿಬ್ಬು ಆದರೆ ಕಾಗದದಲ್ಲಿ ಸಣ್ಣ ಗೀರು ಕಾಣುತ್ತದೆ. ಗೆರೆಯೂ ಚುಕ್ಕಿಗಳಾಗಿ ಒಡೆದರೆ ಅಲ್ಲಿಗೆ ಮುಗಿಯಿತು.

ಪೆನ್ನು ಯಾವ ಜಾತಿಯದು ಎನ್ನುವುದೂ ಮಾತಾಡುತ್ತದೆ. ಬಾಲ್ ಪೆನ್ ಅಮೆರಿಕದ ಅಂಗಡಿಗೆ ಬಂದದ್ದು 1945ರಲ್ಲಿ. ಪ್ಯಾರಿಶ್ 1966ರ ಮಾರ್ಚ್‌ವರೆಗೆ, 95 ವರ್ಷ ಬದುಕಿದ್ದರು. ಹಾಗಾಗಿ ಬಾಲ್ ಪೆನ್ ಸಹಿ ಅಂದ ಕೂಡಲೇ ಸುಳ್ಳು ಅನ್ನುವಂತಿಲ್ಲ. ಆದರೆ ಬಾಲ್ ಪೆನ್ನಿನಲ್ಲಿ ಸಹಿ ಹಾಕಿ ಪಕ್ಕದಲ್ಲಿ 1925 ಎಂದು ಬರೆದಿದ್ದರೆ? ಕೆಳಗಿಟ್ಟು ಬನ್ನಿ. ಈಗಿನ ಥರದ ತೆಳು ಮೊನೆಯ ಸ್ಕೆಚ್ ಪೆನ್ ಬಂದದ್ದು 1960ರ ದಶಕದಲ್ಲಿ, ಅವರು ತೊಂಬತ್ತು ದಾಟಿದ ಮೇಲೆ. ಅದರಲ್ಲಿ ಹಾಕಿದ ಸಹಿಗೆ ನಾನಂತೂ ದುಡ್ಡು ಕೊಡುವುದಿಲ್ಲ.

ಕಾಗದಕ್ಕೂ ಒಂದು ಪರೀಕ್ಷೆ ಇದೆ. ನೋಟು ನೋಡಲು ಬಳಸುವ ಯುವಿ ಟಾರ್ಚ್ ತುಂಬಾ ಅಗ್ಗ. ಕತ್ತಲಲ್ಲಿ ಕಾಗದದ ಬಿಳಿ ಭಾಗಕ್ಕೆ ಹಿಡಿಯಿರಿ. ಒಗೆದ ಬಿಳಿ ಅಂಗಿಯ ಹಾಗೆ ನೀಲಿಯಾಗಿ ಮಿನುಗಿದರೆ ಅದರಲ್ಲಿ ಹೊಳಪಿನ ರಾಸಾಯನಿಕ ಇದೆ. ಅದು ಕಾಗದಕ್ಕೆ ಸೇರಲು ಶುರುವಾದದ್ದು ಸುಮಾರು 1950ರಿಂದ ಈಚೆಗೆ. 1920ರ ದಶಕದ ಕಾಗದ ಮಂಕಾಗಿಯೇ ಇರುತ್ತದೆ. 1960ರ ದಶಕದಲ್ಲಿ ಪ್ಯಾರಿಶ್ ಮತ್ತೆ ಜನರ ಕಣ್ಣಿಗೆ ಬಿದ್ದರು, 1964ರಲ್ಲಿ ಬೆನಿಂಗ್ಟನ್ ಕಾಲೇಜಿನಲ್ಲಿ ಅವರ ಚಿತ್ರಗಳ ಪ್ರದರ್ಶನವೂ ಆಯಿತು. ಆಮೇಲೆ ಮರುಮುದ್ರಣಗಳು ರಾಶಿ ರಾಶಿ ಬಂದವು. ಅವುಗಳಲ್ಲೂ ಚುಕ್ಕಿಗಳು ಇರುತ್ತವೆ. ಹಾಗಾಗಿ ಬರೀ ಚುಕ್ಕಿ ನೋಡಿ ಹಳೆಯದು ಅಂತ ತೀರ್ಮಾನಿಸಬೇಡಿ. ಅವನ್ನು ಹಿಡಿಯಲು ಎಷ್ಟೋ ಸಲ ಈ ಟಾರ್ಚ್ ಸಾಕು. ಹಳೆಯ ಚೌಕಟ್ಟಿಗೆ ಹೊಸ ಪ್ರಿಂಟ್ ಹಾಕಿ ಮಾರುವುದು ಸಾಮಾನ್ಯ, ಕಟ್ಟನ್ನು ಮಾತ್ರ ನಂಬಬೇಡಿ.

ಸಹಿ ಬೇಕೇ ಬೇಕು ಅಂದರೆ ನಾನು ಹೇಳುವ ದಾರಿ ಇದು. ಪ್ರಿಂಟ್ ಬೇರೆ, ಸಹಿ ಬೇರೆ ಕೊಳ್ಳಿ. ಪ್ಯಾರಿಶ್ ಬರೆದ ಕಾಗದಗಳು, ಸಹಿ ಮಾಡಿ ಬ್ಯಾಂಕಿನಿಂದ ತೀರಿಬಂದ ಚೆಕ್ಕುಗಳು ಹರಾಜಿನಲ್ಲಿ ಆಗಾಗ ಬರುತ್ತವೆ. ಚೆಕ್ಕಿನಲ್ಲಿ ತಾರೀಕು, ಬ್ಯಾಂಕಿನ ಮುದ್ರೆ ಎಲ್ಲ ಇರುವುದರಿಂದ ಅದಕ್ಕೆ ಮೋಸ ಮಾಡುವುದು ಕಷ್ಟ. ಒಂದು ಒಳ್ಳೆಯ ನಡುವಿನ ‘ಡೇಬ್ರೇಕ್’, ಅದರ ಪಕ್ಕ ಒಂದು ಚೆಕ್ಕು. ಅನುಮಾನದ ಸಹಿ ಇರುವ ಒಂದು ಪ್ರಿಂಟಿಗಿಂತ ಈ ಜೋಡಿ ಎಷ್ಟೋ ವಾಸಿ. ಸಹಿಯ ಶೈಲಿ ಹೋಲಿಸಿ ನೋಡಬೇಕು ಅನ್ನುವವರಿಗೆ ಡಾರ್ಟ್‌ಮತ್ ಕಾಲೇಜಿನ ರೌನರ್ ಗ್ರಂಥಾಲಯದಲ್ಲಿ ಪ್ಯಾರಿಶ್ ಅವರ ಕಾಗದಪತ್ರಗಳಿವೆ.

ಇಲ್ಲ, ನನಗೆ ಪ್ರಿಂಟಿನ ಮೇಲೇ ಪೆನ್ಸಿಲ್ ಸಹಿ ಇರಬೇಕು ಎಂದರೆ ಕಲಾವಿದರನ್ನೇ ಬದಲಿಸಿ. ನಾರ್ಮನ್ ರಾಕ್‌ವೆಲ್ ಇದ್ದಾರೆ. 1916ರ ಮೇ 20ರಂದು ಸ್ಯಾಟರ್ಡೇ ಈವನಿಂಗ್ ಪೋಸ್ಟ್‌ನಲ್ಲಿ ಅವರ ಮೊದಲ ಮುಖಪುಟ ಬಂತು. 1970ರ ದಶಕದಲ್ಲಿ ಅವರ ಚಿತ್ರಗಳ ಪ್ರಿಂಟುಗಳು ಸಂಖ್ಯೆ ಹಾಕಿ, ಅವರ ಪೆನ್ಸಿಲ್ ಸಹಿಯೊಂದಿಗೇ ಮಾರಾಟವಾದವು. ಅಲ್ಲಿ ಸಹಿ ಎನ್ನುವುದು ಸರಕಿನ ಭಾಗ, ಹುಡುಕಲು ದಾಖಲೆ ಇರುತ್ತದೆ. ಆದರೆ ಅವು ಹಳೆಯ ಪತ್ರಿಕೆ ಕಾಲದ ಅಚ್ಚಲ್ಲ, ಕಲಾವಿದರ ಮುಪ್ಪಿನಲ್ಲಿ ತಯಾರಾದವು. ಹಳೆಯ ಅಚ್ಚು ಬೇಕಾ, ಸಹಿ ಬೇಕಾ? ಎರಡೂ ಒಂದೇ ಹಾಳೆಯಲ್ಲಿ ಸಿಗುವುದು ಕಡಿಮೆ.

ಕೊಳ್ಳುವ ಮೊದಲು, ಕೊಂಡ ಮೇಲೆ

ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ನಮ್ಮವರು ತುಂಬಾ ಇದ್ದೀರಿ. ದುಡ್ಡು ಬಿಚ್ಚುವ ಮೊದಲು ಒಂದು ಶನಿವಾರ ಫಿಲಡೆಲ್ಫಿಯಾಕ್ಕೆ ಹೋಗಿ. ಕರ್ಟಿಸ್ ಕಟ್ಟಡದ ಒಳಗೆ ‘ಡ್ರೀಮ್ ಗಾರ್ಡನ್’ ಇದೆ. ಪ್ಯಾರಿಶ್ ಬರೆದ ಚಿತ್ರ ನೋಡಿ, ಗಾಜಿನ ಕಲೆಗೆ ಹೆಸರಾದ ಟಿಫನಿಯವರು 1916ರಲ್ಲಿ ಗಾಜಿನ ಚೂರುಗಳಿಂದ ಮಾಡಿದ ಗೋಡೆ ಅದು, 49 ಅಡಿ ಅಗಲ. ನ್ಯೂಯಾರ್ಕಿನ ಸೇಂಟ್ ರೀಜಿಸ್ ಹೋಟೆಲಿನಲ್ಲಿ 1906ರ ‘ಓಲ್ಡ್ ಕಿಂಗ್ ಕೋಲ್’ ಭಿತ್ತಿಚಿತ್ರ ಇದೆ. ಅವೆರಡರ ಮುಂದೆ ಹತ್ತು ನಿಮಿಷ ನಿಂತು ಬಂದರೆ ಸಾಕು. ಪ್ಯಾರಿಶ್ ಬೆಳಕು ಹೇಗಿರಬೇಕು ಅಂತ ಕಣ್ಣಿಗೆ ಕೂತುಬಿಡುತ್ತದೆ. ಆಮೇಲೆ ಮಾಸಿದ ಪ್ರಿಂಟ್ ದೂರದಿಂದಲೇ ಗೊತ್ತಾಗುತ್ತದೆ.

ಮೂಲ ‘ಡೇಬ್ರೇಕ್’ ಎಣ್ಣೆಚಿತ್ರ 2006ರಲ್ಲಿ ಹರಾಜಿನಲ್ಲಿ 76 ಲಕ್ಷ ಡಾಲರಿಗೆ ಹೋಗಿ, 2010ರಲ್ಲಿ 52 ಲಕ್ಷಕ್ಕೆ ಇಳಿಯಿತು. ನಾಲ್ಕು ವರ್ಷದಲ್ಲಿ ಮೂಲ ಚಿತ್ರದ ಬೆಲೆಯೇ ಇಷ್ಟು ಬಿದ್ದಿತೆಂದರೆ, ಪ್ರಿಂಟ್ ಕೊಂಡು ಲಾಭ ಮಾಡುವ ಲೆಕ್ಕ ಬೇಡ. ಇಷ್ಟವಾದದ್ದನ್ನು ಕೊಳ್ಳಿ.

ಊರಿಗೆ ಒಯ್ಯುವವರಿಗೆ ಒಂದು ವಿಶೇಷ ಎಚ್ಚರಿಕೆ. ಅಮೆರಿಕದ ಒಣ ಮನೆಯಲ್ಲಿ ನೂರು ವರ್ಷ ಇದ್ದ ಕಾಗದ ನಮ್ಮ ಮಳೆಗಾಲ ನೋಡಿರುವುದಿಲ್ಲ. ಒಂದು ಆಷಾಢ ಸಾಕು, ಬೂಷ್ಟು ಹಿಡಿಯಲು. ಕಂದು ಚುಕ್ಕಿ ಬಂದರೆ ತೆಗೆಯುವುದು ತಜ್ಞರ ಕೆಲಸ, ಮನೆಯಲ್ಲಿ ಒರೆಸಲು ಹೋಗಬೇಡಿ. ಹಿಂದಿನ ಹಳೇ ರಟ್ಟನ್ನು ತೆಗೆಸಿ ಆಮ್ಲ ಇಲ್ಲದ ರಟ್ಟು ಹಾಕಿಸಿ. ಗಾಜಿಗೆ ಚಿತ್ರ ತಾಕದಂತೆ ನಡುವೆ ಜಾಗ ಇರಲಿ. ಯುವಿ ತಡೆಯುವ ಗಾಜು ಬೆಂಗಳೂರಿನಲ್ಲಿ ಸಿಗುತ್ತದೆ. ಹೊರಗೋಡೆಯ ಮೇಲೆ ಬೇಡ, ಒಳಗೋಡೆಯೇ ಲೇಸು. ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ.

ಶಿವಮೊಗ್ಗದ ನಮ್ಮ ಅಕ್ಕನ ಮನೆಯಲ್ಲಿ ನಾನು ಕೊಟ್ಟ ಒಂದು ಬ್ರೌನ್ ಅಂಡ್ ಬಿಗೆಲೋ ಪ್ರಿಂಟ್ ಇದೆ. ಕಿಟಕಿ ಇಲ್ಲದ ನಡುಗೋಡೆಯಲ್ಲಿ ಹಾಕಿದ್ದಾಳೆ. ದಸರಾ ಹೊತ್ತಿಗೆ, ಮಳೆ ಪೂರ್ತಿ ಬಿಟ್ಟ ಮೇಲೆ, ಇಳಿಸಿ ಹಿಂದಿನ ಕಾಗದ ಮುಟ್ಟಿ ನೋಡುತ್ತಾಳೆ. ಆರು ಮಳೆಗಾಲ ಆಯಿತು. ಮರದ ನೆತ್ತಿಯ ಬಿಸಿಲು ಹಾಗೇ ಇದೆ.